ಉಡಿದಾರದ ಗಂಟು

ಧರ್ಮಪುರಿ ಕಡೆಯ ಕಂಬೈನಲ್ಲೂರಿನ ಗೋಪಾಲಪ್ಪನಿಗೆ ಅರವತ್ತು ದಾಟಿತ್ತು. ಹುಣಸೆಹಣ್ಣು ಬಡಿದು ಬೀಜ ತೆಗೆಯುವುದರಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಈ ವರ್ಷ ಮಾವಿನ ಕಾಲ ಮುಗಿಯುವ ಹೊತ್ತಿಗೆ ಎರಡೂ ಕೈಗಳ ಗೆಣ್ಣು ಇದ್ದಕ್ಕಿದ್ದಂತೆ ಊದಿಕೊಂಡವು. ಬೆಳಗ್ಗೆ ಬೆರಳು ಮಡಚಲು ಬರದು. ಬಿಸಿಲೇರುವ ತನಕ ಕಾಫಿ ಲೋಟವನ್ನೂ ಹೆಂಡತಿ ಮುನಿರತ್ನಮ್ಮನೇ ಹಿಡಿಯಬೇಕು. ಅವಳಿಗೂ ಸಾಕಾಗಿ ಹೋಗಿತ್ತು.

ಆಸ್ಪತ್ರೆಗೆ ಹೋಗೋಣವೆಂದರೆ, "ವಯಸ್ಸಾಯ್ತು, ಅಷ್ಟೇ ಲೇ," ಎನ್ನುತ್ತಿದ್ದ. ಸಂತೆಯಲ್ಲಿ ಯಾರೋ ಕೊಟ್ಟ ಹೆಸರಿಲ್ಲದ ಪುಡಿ ನುಂಗುತ್ತಿದ್ದ. ನುಂಗಿದ ದಿನ ನೋವು ಇಳಿಯುತ್ತಿತ್ತು. ಆಮೇಲೆ ಅವನ ಜೊತೆ ಮಾತಾಡಿ ಗೆದ್ದವರಿಲ್ಲ.

ಒಂದು ದಿನ ಸ್ನಾನದ ಹೊತ್ತಿನಲ್ಲಿ ಅವನ ಸೊಂಟದ ಉಡಿದಾರ ಜಾರಿತು. ಗಂಟು ಬಿಗಿಯಲು ಅವನ ಬೆರಳು ಬಗ್ಗದು, ಮುನಿರತ್ನಮ್ಮ ಬಿಗಿದಳು. ಸ್ವಲ್ಪ ದಿನಕ್ಕೆ ಮತ್ತೆ ಜಾರಿತು. ಮತ್ತೆ ಬಿಗಿಯುವಾಗ ಗಂಟಿನಾಚೆ ಗೇಣುದ್ದ ದಾರ ಉಳಿದಿತ್ತು. ಇಷ್ಟೊಂದು ಇಳಿದುಹೋಗಿದ್ದಾನಾ ಎಂದು ಅವಳು ಅವನ ಸೊಂಟ ಮುಟ್ಟಿ ನೋಡಿದಳು.

ಬಿ.ಪಿ. ನೋಡಲು ಮನೆಗೆ ಬರುವ ನರ್ಸ್ ಮೇನಕಾಗೆ ಅವಳು ಇದನ್ನು ಹೇಳಿದಳು. ಮೇನಕಾ ಹಸಿವು, ಜ್ವರ, ಕೆಮ್ಮು ಎಲ್ಲ ವಿಚಾರಿಸಿದಳು. ಗೋಪಾಲಪ್ಪ ನಕ್ಕ.

"ಕೈನೋವ್ಗೂ ಉಡಿದಾರಕ್ಕೂ ಏನ್ ನಂಟಮ್ಮಾ?"

"ಇರ್ಬೌದು ತಾತ. ಈ ವಯಸ್ಸಲ್ಲಿ ದಿಢೀರಂತ ಕೀಲು ಊದ್ಕೊಂಡು, ಮೈಯೂ ಇಳೀತಿದ್ರೆ, ಒಳ್ಗೆ ಎಲ್ಲಾದ್ರೂ ಕ್ಯಾನ್ಸರ್ ಐತಾ ಅಂತ್ಲೂ ನೋಡ್ಬೇಕು. ತುಂಬಾ ಜನಕ್ಕೆ ಇರಲ್ಲ. ನಿಮ್ಗೆ ಐತೋ ಇಲ್ವೋ ನಂಗೊತ್ತಿಲ್ಲ. ಡಾಕ್ಟ್ರು ನೋಡ್ಲಿ."

"ಬಂದಿದ್ರೆ ಬಂತು. ಓಗೋ ಕಾಲಕ್ಕೆ ಓಗೋದೇ."

ಮುನಿರತ್ನಮ್ಮ ಗೋಡೆಗೆ ಒರಗಿ ಕೂತಳು. "ಓಗು. ಆದ್ರೆ ಇನ್ನೊಂದ್ ಸಲ ಆ ಗಂಟು ನಾನ್ ಬಿಗಿಯಾಕಿಲ್ಲ."

ಅವಳು ಕೂಗಾಡಿದ್ದರೆ ಅವನೂ ಕೂಗಾಡುತ್ತಿದ್ದ. ಅವಳ ದನಿಯಲ್ಲಿ ಅಷ್ಟು ಸುಸ್ತು ಅವನು ಕೇಳಿರಲಿಲ್ಲ. ಅವನು ಎದ್ದು, "ಅಂಗಿ ತೊಡ್ಸು, ಆಸ್ಪತ್ರೆಗೆ ಓಗಾನ," ಎಂದ.

ಧರ್ಮಪುರಿಯಲ್ಲಿ ರಕ್ತ ನೋಡಿದರು, ಎಕ್ಸ್‌ರೇ, ಸ್ಕ್ಯಾನ್ ತೆಗೆದರು. ಶ್ವಾಸಕೋಶದಲ್ಲಿ ಸಣ್ಣ ಗಡ್ಡೆ, ಕ್ಯಾನ್ಸರ್. ಹರಡಿರಲಿಲ್ಲ. ಆಪರೇಷನ್ ಆಯಿತು. ಬಸ್ಸು ಹತ್ತಿ ಇಳಿದು, ಬೆಂಚಿನಲ್ಲಿ ಕಾದು ಇಬ್ಬರೂ ಹಣ್ಣಾದರು. ಆದರೆ ಗಡ್ಡೆ ತೆಗೆದ ಮೇಲೆ ಕೈಗಳ ಊತವೂ ಇಳಿಯತೊಡಗಿತು. ಮೊನ್ನೆ ಸ್ನಾನ ಮಾಡಿ ಬಂದವನು, ಸೊಂಟಕ್ಕೆ ಒತ್ತುತ್ತಿದೆ ಎಂದು ಉಡಿದಾರದ ಗಂಟನ್ನು ತಾನೇ ಬಿಚ್ಚಿ ಸಡಿಲ ಮಾಡಿಕೊಂಡ.

ಓದುತ್ತಿರುವ ನಿಮಗೇ ಹೇಳುವುದು. ಕೀಲುನೋವೆಲ್ಲ ಕ್ಯಾನ್ಸರ್ ಅಲ್ಲ, ಸುಮ್ಮನೆ ಹೆದರಬೇಡಿ. ಆದರೆ ಅರವತ್ತರ ಆಸುಪಾಸಿನಲ್ಲಿ ಕೀಲು ದಿಢೀರನೆ ಊದಿ, ಬೆಳಗ್ಗೆ ಬಿಗಿದು, ಜೊತೆಗೆ ತೂಕ ಇಳಿದರೆ, ಜ್ವರ ಬಿಡದಿದ್ದರೆ, ಊಟ ಸೇರದಿದ್ದರೆ ವಯಸ್ಸಿನ ಮೇಲೆ ಹಾಕಿ ಕೂರಬೇಡಿ. ಕೀಲುವಾತ ಹಳೆಯದಾದರೂ ಡಾಕ್ಟರು ಹೇಳಿದ ತಪಾಸಣೆ ಬಿಡಬೇಡಿ. ಹೆಸರಿಲ್ಲದ ಪುಡಿ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ತೋರಿಸಿ. ನಿಮ್ಮ ಮನೆಯಲ್ಲಿ ಯಾರ ಉಡಿದಾರ ಜಾರುತ್ತಿದೆ, ಯಾರ ರವಿಕೆ ದೊಗಳೆಯಾಗಿದೆ? ಇವತ್ತೇ ನೋಡಿ.