ಅಕ್ಕೋರು ಕಲಿಸಿದ ಇಂಟು ಗುರುತು

ಮಧ್ಯಾಹ್ನದಿಂದ ಹೆಸ್ಟರ್ ಗ್ಯಾದರ್‌ಕೋಲ್ ಒಂದು ಕಡೆ ನಿಂತವಳಲ್ಲ. ಶಾಲೆಯ ಗೇಟಿನಿಂದ ಊರ ಬಾವಿಯವರೆಗೆ ನಡೆಯುವಳು. ಬಾವಿ ಕಣ್ಣಿಗೆ ಬಿದ್ದೊಡನೆ ಮುಖ ತಿರುಗಿಸಿ ಮತ್ತೆ ಗೇಟಿಗೆ ಮರಳುವಳು. ಡಿಸೆಂಬರಿನ ಗಾಳಿ ಅವಳ ಟೊಪ್ಪಿಯ ಲಾಡಿಯನ್ನು ಕಿತ್ತು ಕಿತ್ತು ಎಳೆಯುತ್ತಿತ್ತು. ಇಷ್ಟು ವರ್ಷ ತಾನು ಪಾಠ ಹೇಳಿದ ಕೋಣೆಯೊಳಗೆ ಈ ದಿನ ಮತಪೆಟ್ಟಿಗೆ ಕುಳಿತಿತ್ತು. ಅವಳು ಮಾತ್ರ ತಾನೇ ಮಾಡಿಸಿದ ಕರಾರಿನ ದೆಸೆಯಿಂದ ಹೊರಗೆ ಉಳಿದಿದ್ದಳು.

ಅದುವರೆಗೆ ನಾರ್‌ಫೋಕ್ ಸೀಮೆಯ ಸೆಡ್ಜ್‌ಬಿಯಲ್ಲಿ ಚುನಾವಣೆ ಎಂದು ಕರೆಸಿಕೊಳ್ಳುತ್ತಿದ್ದುದು ಶುದ್ಧ ನಾಚಿಕೆಗೇಡು. ಹೆಚ್ಚು ನೆಲವಿದ್ದವನಿಗೆ ಹೆಚ್ಚು ಮತ. ಮತಚೀಟಿ ಮನೆಬಾಗಿಲಿಗೇ ಬರುತ್ತಿತ್ತು. ಬಡವನ ಬಾಗಿಲಲ್ಲಿ ಅದು ತುಂಬುವ ತನಕ ಯಜಮಾನನ ಮೇಸ್ತ್ರಿ ನಿಂತಿರುತ್ತಿದ್ದ. ೧೮೯೪ರ ಹೊಸ ಕಾನೂನು ಜಿಲ್ಲಾ ಮಂಡಳಿಯನ್ನು ತಂದಿತು, ಗುಪ್ತ ಮತವನ್ನು ತಂದಿತು, ತಮ್ಮ ಹೆಸರಿನಲ್ಲಿ ಸ್ವಂತದ್ದೋ ಬಾಡಿಗೆಯದೋ ಮನೆಯಿರುವ ವಿಧವೆಯರಿಗೂ ಮತ ಕೊಟ್ಟಿತು. ಹೆಂಗಸರೂ ಚುನಾವಣೆಗೆ ನಿಲ್ಲಬಹುದೆಂದಿತು. ಹೆಸ್ಟರ್ ನಿಂತಳು.

ನಿಂತದ್ದು ನೀರಿಗಾಗಿ. ಊರ ಬಾವಿ ಇರುವುದು ಚರ್ಚಿನ ಸಮಾಧಿಗಳ ಇಳಿಜಾರಿನಲ್ಲಿ. ಆ ಶರತ್ಕಾಲದ ವಿಷಮಜ್ವರ ಅವಳ ತರಗತಿಯ ಮುಂದಿನ ಬೆಂಚನ್ನು ಅರ್ಧ ಖಾಲಿ ಮಾಡಿತ್ತು. ನೆಲದಿಂದ ಉಕ್ಕುವ ಶುದ್ಧ ಊಟೆಯೊಂದು ಜೋಸೈಯಾ ಥರ್ಟಲ್‌ನ ಮೇಲಿನ ಹೊಲದಲ್ಲಿದೆ. ಮಂಡಳಿ ಮನಸ್ಸು ಮಾಡಿದರೆ ಕೊಳವೆ ಎಳೆದು ನೀರು ಕೆಳಗಿಳಿಸಬಹುದು. ಆದರೆ ಸೆಡ್ಜ್‌ಬಿಯ ಒಂದೇ ಸ್ಥಾನಕ್ಕೆ ಎದುರಾಳಿಯಾಗಿ ನಿಂತವನೂ ಅದೇ ಥರ್ಟಲ್. ಊರ ಅರ್ಧದಷ್ಟು ಗುಡಿಸಲುಗಳು ಅವನವು.

ಅದಕ್ಕೇ ಅವಳು ಪಾದ್ರಿಯ ಎದುರಿಗೆ ಅವನಿಂದ ಮಾತು ತೆಗೆದುಕೊಂಡಿದ್ದಳು: ಮತದಾನದ ದಿನ ಅಭ್ಯರ್ಥಿಗಳಾಗಲಿ ಅವರ ಪರವಾಗಿ ಇನ್ನಾರೇ ಆಗಲಿ ಮತದ ಕೋಣೆಯೊಳಗೆ ನಿಲ್ಲಕೂಡದು, ಮತದಾರರೊಡನೆ ತುಟಿ ಬಿಚ್ಚಕೂಡದು.

ಮೂರು ಗಂಟೆಯ ಹೊತ್ತಿಗೆ ಬಟ್ಟೆ ಒಗೆಯುವ ವಿಧವೆ ಕೆಜಿಯಾ ಬಂಟಿಂಗ್ ಶಾಲೆಯಿಂದ ಹೊರಬಂದು ನೇರವಾಗಿ ಹೆಸ್ಟರಳ ಬಳಿಗೆ ಓಡಿದಳು. ಜ್ವರ ಕೆಜಿಯಾಳ ಕಿರಿಮಗಳನ್ನು ಒಯ್ದಿತ್ತು.

"ಅಕ್ಕೋರೆ, ಹಾಕ್ಬಿಟ್ಟು ಬಂದೆ!"

"ಹೇಳಬೇಡ ಕೆಜಿಯಾ. ಅದು ಗುಟ್ಟು."

"ನಿಮ್ಮತ್ರ ಎಂಥಾ ಗುಟ್ಟು? ಆ ಥರ್ಟಲ್ ಹೆಸರಿಗೆ ಇಂಟು ಎಳೆದೆ ನೋಡಿ, ಪೆನ್ಸಿಲ್ ಮೊನೆ ಮುರೀಬೇಕು ಹಂಗೆ! ನಿಮ್ಮ ಹೆಸರಿಗೆ ಚೆಂದಾಗಿ ಒಂದು ರೈಟು. ನೀವು ಕಲ್ಸಿದ್ದು ಮರ್ತಿಲ್ಲ ಕಣಕ್ಕೋರೆ."

ಹೆಸ್ಟರ್ ತಟ್ಟನೆ ಶಾಲೆಯ ಬಾಗಿಲತ್ತ ನೋಡಿದಳು. ಬೇಕಾದವನ ಹೆಸರಿಗೇ ಇಂಟು ಹಾಕಬೇಕೆಂಬುದು ಮತಚೀಟಿಯ ಕಾನೂನು. ಎರಡು ಹೆಸರಿಗೂ ಗುರುತು ಬಿದ್ದರೆ ಚೀಟಿ ರದ್ದು. ಗಂಡಸರು ಪಾರ್ಲಿಮೆಂಟಿಗೆ ಮತ ಹಾಕಿ ಅದನ್ನು ಅರಿತಿದ್ದರು. ಈ ಹೆಂಗಸರು ಬದುಕಿನಲ್ಲಿ ಕಂಡ ಇಂಟು ಗುರುತೆಲ್ಲ ತಪ್ಪು ಲೆಕ್ಕಕ್ಕೆಂದು ಅವಳೇ ಅವರ ಸ್ಲೇಟಿನ ಮೇಲೆ ಹಾಕಿದ್ದು.

"ಬೇರೆಯವರೂ ಹೀಗೇ ಹಾಕ್ತಾರಾ?"

"ಮತ್ತೆ! ನಿನ್ನೆ ಬಾವಿ ಹತ್ರ ಎಲ್ರಿಗೂ ನಾನೇ ಹೇಳ್ಕೊಟ್ಟೆ. ಅವನ ಲೆಕ್ಕ ತಪ್ಪು ಅಂತ ಹೊಡೀರಿ ಅಂದೆ."

ಹೆಸ್ಟರ್ ಬಾಗಿಲಿಗೆ ಧಾವಿಸಿ, ಮತದಾನ ನಡೆಸುತ್ತಿದ್ದ ಗುಮಾಸ್ತ ಸ್ಪಿಂಕ್ಸ್‌ನನ್ನು ಕರೆದಳು. "ಗುರುತು ಹಾಕೋದು ಹೇಗೆ ಅಂತ ಬಂದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿ ಸ್ವಾಮಿ."

"ಗೋಡೆಗೆ ಅಂಟಿಸಿದೀನಲ್ಲಮ್ಮ. ಇಬ್ರು ಅಭ್ಯರ್ಥಿಗಳೂ ಒಪ್ಪಿದ್ರೆ ಓದ್ತೀನಿ. ನನಗ್ಯಾಕೆ ಊರ ಜಗಳ?"

ಗಾಡಿಗೆ ಒರಗಿ ನಿಂತಿದ್ದ ಥರ್ಟಲ್ ಅವಳ ಮಾತನ್ನು ಪೂರ್ತಿ ಕೇಳಿದ. ಕೇಳಿ, ಪೈಪಿನ ಬೂದಿ ಕೊಡವಿದ.

"ಓದಿಸೋದಕ್ಕೆ ನಾನು ಒಪ್ಪೋದಿಲ್ಲ. ತುಟಿ ಬಿಚ್ಚಬಾರದು ಅಂದವರು ನೀವೇ ಅಲ್ವೇ ಮಿಸ್ ಗ್ಯಾದರ್‌ಕೋಲ್? ಬೆಳಗಿಂದ ಬಾಯಿಗೆ ಬೀಗ ಹಾಕ್ಕೊಂಡಿದೀನಿ, ನನ್ನ ಹೆಂಡ್ತಿಗೆ ಭಾರಿ ಖುಷಿ. ಬೇಕಾದ್ರೆ ನೀವು ಮಾತಾಡಿ. ಆಮೇಲೆ ನಮ್ಮ ಮಾಬ್ಸ್‌ನೂ ಎರಡು ಮಾತಾಡ್ತಾನೆ."

ಮೇಸ್ತ್ರಿ ಮಾಬ್ಸ್ ನಕ್ಕು, ಗುಡಿಸಲುಗಳ ಬೀಗದ ಕೈ ಗೊಂಚಲನ್ನು ಜೇಬಿನೊಳಗೇ ಕುಲುಕಿದ.

ಅಷ್ಟರಲ್ಲಿ ಹಿಂದಿನ ಓಣಿಯ ಮೂವರು ವಿಧವೆಯರು ಶಾಲು ಹೊದ್ದು ಬಂದರು. ಮೂವರೂ ಅವಳ ಹಳೆಯ ವಿದ್ಯಾರ್ಥಿನಿಯರು. ಮೂವರೂ ಥರ್ಟಲ್‌ನ ಸೂರಿನಡಿ ಇರುವವರು. ಒಂದೇ ಒಂದು ವಾಕ್ಯ ಸಾಕಾಗಿತ್ತು. ಆದರೆ ಅವಳು ಬಾಯಿ ತೆರೆದರೆ ಮಾಬ್ಸ್‌ನೂ ತೆರೆಯುತ್ತಾನೆ. ಅವನ ಬೀಗದ ಕೈಗಳ ಎದುರು ಅವಳ ವಾಕ್ಯದ ಬೆಲೆ ಎಷ್ಟು? ಕೆಜಿಯಾಳನ್ನು ಕಳಿಸಿ ಹೇಳಿಸುವುದೆಂದರೆ ಕೊಟ್ಟ ಮಾತನ್ನು ಹಿತ್ತಲ ಬಾಗಿಲಿನಿಂದ ಮುರಿದಂತೆ. ಹೆಸ್ಟರ್ ಕೈಗವುಸಿನ ತುದಿಯನ್ನು ಕಚ್ಚಿ ಹಿಡಿದಳು. ಹೆಂಗಸರು ಅವಳತ್ತ ಗುಟ್ಟಾಗಿ ಕಣ್ಣು ಮಿಟುಕಿಸಿ ಒಳಗೆ ಹೋದರು. ಅವಳು ಮತ್ತೆ ಬಾವಿಯ ಕಡೆಗೆ ನಡೆದಳು, ಮತ್ತೆ ಹಿಂದಿರುಗಿದಳು. ಮತದಾನ ಮುಗಿಯುವವರೆಗೆ ಅದೇ ನಡಿಗೆ; ಗೇಟು ಕಿರುಗುಟ್ಟಿದಾಗಲೆಲ್ಲ ಒಂದು ಮತ ನೀರುಪಾಲಾದಂತೆ ಅವಳಿಗೆ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಎಣಿಕೆ. ಥರ್ಟಲ್ ನಾಲ್ಕು ಮತಗಳಿಂದ ಗೆದ್ದ. ರದ್ದಾದ ಚೀಟಿಗಳು ಒಂಬತ್ತು. ಒಂಬತ್ತರಲ್ಲೂ ಅವಳ ಹೆಸರಿಗೆ ಅಚ್ಚುಕಟ್ಟಾದ ರೈಟು, ಅವನ ಹೆಸರಿಗೆ ಸಿಟ್ಟಿನ ಇಂಟು.

"ಒಳ್ಳೇ ಪಾಠ ಹೇಳಿದೀರಿ ಬಿಡಿ," ಎಂದ ಥರ್ಟಲ್.

"ನನ್ನ ಪಾಠ ಅರ್ಧ ಆಗಿತ್ತು, ಒಪ್ಪಿದೆ. ಓದಿ ಹೇಳಿದ್ರೆ ಸೋಲ್ತೀನಿ ಅಂತ ಗೊತ್ತಿದ್ದೇ ಬೇಡ ಅಂದಿರಲ್ಲ, ಅದನ್ನ ನಿಮಗೆ ಯಾವ ಶಾಲೇಲಿ ಕಲಿಸಿದರು?"

ಥರ್ಟಲ್ ಪೈಪಿಗೆ ಹೊಗೆಸೊಪ್ಪು ತುಂಬುತ್ತ ತನ್ನ ಗಾಡಿಯತ್ತ ನಡೆದ. ಹಕ್ಕನ್ನು ಬಡವರ ಕೈಗಿಟ್ಟು ಅದರ ಬಳಕೆಯನ್ನು ಗೋಡೆಯ ಮೇಲಿನ ಸಣ್ಣ ಅಕ್ಷರಗಳಲ್ಲಿ ಅಡಗಿಸಿಡುವ ಧೂರ್ತತನಕ್ಕೆ ಕಾನೂನಿನಲ್ಲಿ ಶಿಕ್ಷೆಯಿಲ್ಲ.

ಹೊರಗೆ ಕೆಜಿಯಾ ಬಾವಿಯ ನೀರು ತುಂಬಿದ ಬಕೆಟ್ಟನ್ನು ಹಿಡಿದು ಕಾದಿದ್ದಳು. "ಅಷ್ಟು ಇಂಟು ಹೊಡೆದ್ವಿ. ಆದ್ರೂ ಗೆದ್ನಾ?"

ಹೆಸ್ಟರ್ ಒಂದನ್ನೂ ಮುಚ್ಚಿಡದೆ ಹೇಳಿದಳು.

"ಹಂಗಾದ್ರೆ ಕೆಡಿಸಿದ್ದು ನಾನು."

"ನೀನು ಕಲಿತದ್ದನ್ನ ಮಾಡಿದೆ. ಬಕೆಟ್ ಇಳಿಸು, ಒಳಗೆ ಬಾ. ನಿನ್ನೆಯ ಕರಾರು ನಿನ್ನೆಗೇ ಮುಗೀತು."

ಗುಮಾಸ್ತ ಇನ್ನೂ ಪೆಟ್ಟಿಗೆ ಕಟ್ಟುತ್ತಿದ್ದ. ಅವನ ಎದುರಿಗೇ ಹೆಸ್ಟರ್ ಕಪ್ಪುಹಲಗೆಯ ಮೇಲೆ ಎರಡು ಹೆಸರು ಬರೆದಳು: ಬಾವಿ, ಊಟೆ. ಮುಂದೆ ಒಂದೊಂದು ಚೌಕ ಎಳೆದು ಸೀಮೆಸುಣ್ಣ ಕೊಟ್ಟಳು.

"ಯಾವುದು ಬೇಕೋ ಅದಕ್ಕೆ ಇಂಟು ಹಾಕು. ಇನ್ನೊಂದರ ಗೊಡವೆಗೆ ಹೋಗಬೇಡ."

ಕೆಜಿಯಾಳ ಕೈ ಊಟೆಯ ಮುಂದಿನ ಚೌಕದವರೆಗೆ ಹೋಗಿ ಅಲ್ಲೇ ನಿಂತಿತು.

"ಕೈ ಒಪ್ತಿಲ್ಲ ಅಕ್ಕೋರೆ."

"ನನ್ನದೂ ಒಪ್ಪೋದಿಲ್ಲ. ಎಳಿ," ಎಂದಳು ಹೆಸ್ಟರ್. ಬಾಗಿಲ ಬಳಿ ಬಂದು ನಿಂತ ಇನ್ನಿಬ್ಬರು ವಿಧವೆಯರನ್ನು ಕಂಡು, ಮತ್ತೆರಡು ಜೋಡಿ ಚೌಕಗಳನ್ನು ಎಳೆಯತೊಡಗಿದಳು.