ಕೆಜಾಯಾ ಹೇಳಿದ ಸಾಕ್ಷಿ

ಮಗುವಿನ ಕೆಮ್ಮು ಇಳಿದಿರಲಿಲ್ಲ. ಕೆಜಾಯಾ ಅದನ್ನು ಎದೆಗವಚಿಕೊಂಡು ಒಲೆಯ ಮುಂದೆ ಕೂತಿದ್ದಳು. ಮೆಕ್ಕೆಜೋಳದ ಅಂಬಲಿ ತಳ ಹಿಡಿಯುತ್ತಿತ್ತು. ಎದ್ದು ತಿರುವಬೇಕೆನಿಸಲಿಲ್ಲ.

ಪಕ್ಕದ ಮನೆಯ ಹುಲ್ದಾ ಬಂದವಳೇ ಸೌಟು ಕೈಗೆತ್ತಿಕೊಂಡಳು. "ಗಂಡ ಹೋದ ಅಂತ ಅಂಬಲೀನೂ ಸುಡ್ಬೇಕೇನೇ?"

ಅವಳ ಗಂಡ ಜಬೆಜ್ ಮೀನಿಗೆ ಹೋದ ದೋಣಿ ಚಳಿಗೆ ಮುಂಚೆಯೇ ಮುಳುಗಿತ್ತು. ಮಗು ಹುಟ್ಟಿದ್ದು ಆಮೇಲೆ. ತಾಯಿತಂದೆಯರಲ್ಲಿ ಒಬ್ಬರಾದರೂ ಸಭೆಗೆ ಸೇರಿದ್ದರೆ ಮಾತ್ರ ಮಗುವಿಗೆ ದೀಕ್ಷಾಸ್ನಾನ. ಇಂಗ್ಲೆಂಡ್ ಬಿಟ್ಟು ಬಂದು ಈ ಮ್ಯಾಸಚೂಸೆಟ್ಸ್ ದಡದಲ್ಲಿ ಊರು ಕಟ್ಟಿದ ಹಿರಿಯರ ಕಟ್ಟಳೆ ಅದು. ಸೇರಬೇಕೆಂದರೆ ಎಲ್ಲರೆದುರು ನಿಂತು, ದೇವರ ಕೃಪೆ ತನ್ನ ಎದೆಯನ್ನು ಹೇಗೆ ಮುಟ್ಟಿತೆಂದು ಸಾಕ್ಷಿ ಹೇಳಬೇಕು. ಜಬೆಜ್ 'ಮುಂದಿನ ವರ್ಷ' ಎನ್ನುತ್ತಲೇ ಹೋಗಿಬಿಟ್ಟಿದ್ದ. ನಾಳೆ ಕೆಜಾಯಾಳ ಸರದಿ. ಮಗು ಈ ಚಳಿಗಾಲ ದಾಟೀತೆಂಬ ನಂಬಿಕೆ ಅವಳಿಗಿರಲಿಲ್ಲ. ಹೋಗುವುದೇ ಆದರೆ ಸಭೆಯ ಹೊರಗಿನದಾಗಿ ಹೋಗಬಾರದು, ಅಷ್ಟೇ.

"ಏನ್ ಹೇಳ್ತೀಯ ನಾಳೆ?"

"ಗೊತ್ತಿಲ್ಲ ಹುಲ್ದಕ್ಕ. ಒಳಗೇನೂ ಇಲ್ಲ."

"ಹಾಗಾದ್ರೆ ನಂದೇ ತಗೋ. ಮೊದಲು ಪಾಪದ ಭಯ ಆಯ್ತು ಅನ್ನು. ಆಮೇಲೆ ಬೈಬಲಿಂದ ಒಂದ್ ಮಾತು ಎದೆಗೆ ನಾಟ್ತು ಅನ್ನು. ಕೊನೇಲಿ ಒಂದಿಷ್ಟು ಅಳು. ನಾನೇನ್ ಕಮ್ಮಿ ಅತ್ತಿದ್ನಾ? ನಮ್ಮೆಜಮಾನ್ರು ನೆಗಡಿ ಅನ್ಕೊಂಡಿದ್ರು."

ನಗು ಬರಬೇಕಿತ್ತು. ಬರಲಿಲ್ಲ.

ಮಾರನೆಯ ದಿನ ಮಂದಿರದಲ್ಲಿ ಉಸಿರೆಲ್ಲ ಹಬೆಯಾಗುತ್ತಿತ್ತು. ಹೆಂಗಸರು ಕೆಂಡದ ಪೆಟ್ಟಿಗೆಗಳ ಮೇಲೆ ಕಾಲಿಟ್ಟು ಕೂತಿದ್ದರು. ಪಾದ್ರಿಗಳು ಕರೆದಾಗ ಕೆಜಾಯಾ ಎದ್ದು ನಿಂತಳು. ಹುಲ್ದಾಳ ಮಾತುಗಳನ್ನು ಬಾಯಿಪಾಠ ಮಾಡಿಯೇ ಬಂದಿದ್ದಳು. ಅಷ್ಟುದ್ದ ಹೇಳುವ ತ್ರಾಣ ಉಳಿದಿರಲಿಲ್ಲ.

"ನನ್ನೊಳಗೆ ಏನೂ ಇಲ್ಲ," ಎಂದಳು. "ಗಂಡ ಸತ್ತಾಗ ಅಳು ಬರ್ಲಿಲ್ಲ. ಪ್ರಾರ್ಥನೆಗೆ ಕೂತ್ರೆ ಗೋಡೆ ನೋಡ್ತೀನಿ. ದೇವರ ಮೇಲೆ ಸಿಟ್ಟೂ ಇಲ್ಲ, ಆಸೇನೂ ಇಲ್ಲ. ಮಗೂಗೆ ದೀಕ್ಷೆ ಕೊಡಿ, ಸಾಕು."

ಹುಲ್ದಾ ಕಣ್ಣು ಮುಚ್ಚಿಕೊಂಡಳು.

ಸಭಾಹಿರಿಯ ಓಬೇದ್ ಎದ್ದರು. ಎಷ್ಟೋ ಜನರನ್ನು ಪ್ರಶ್ನೆ ಕೇಳಿಯೇ ಹಿಂದಕ್ಕೆ ಕಳಿಸಿದ್ದ ಮುದುಕ. "ನಿನ್ನಲ್ಲಿ ಒಳ್ಳೇದು ಅಂತ ಏನಾದ್ರೂ ಉಳಿದಿದೆಯೇನಮ್ಮ?"

"ಏನೂ ಉಳಿದಿಲ್ಲ ಯಜಮಾನ್ರೇ."

"ನಿನ್ ಕೈಲಿ ಏನಾದ್ರೂ ಆದೀತಾ?"

"ಇಲ್ಲ."

ಮುದುಕನ ಕಣ್ಣು ತುಂಬಿತು. ಪಾದ್ರಿಗಳು ಸಭೆಯ ಕಡೆ ತಿರುಗಿದರು. "ಕೇಳಿದ್ರಾ? ಇಷ್ಟು ವರ್ಷ ನಾನು ಬೋಧಿಸಿದ್ದು ಇದನ್ನೇ. ನಾನು, ನನ್ನದು ಅನ್ನೋದೆಲ್ಲ ಖಾಲಿಯಾದ ಎದೆಗೇ ಕೃಪೆ ಇಳಿಯೋದು. ಹೀಗೆ ಪೂರ್ತಿ ಬರಿದಾದ ಆತ್ಮ ನಾನು ಕಂಡಿರಲಿಲ್ಲ."

ಹಾಗಲ್ಲ, ಎನ್ನಬೇಕೆಂದುಕೊಂಡಳು ಕೆಜಾಯಾ. ಈ ಖಾಲಿತನ ಯಾವುದರ ಮೆಟ್ಟಿಲೂ ಅಲ್ಲ. ಬಾಯಿ ತೆರೆದಳು. ತೋಳಲ್ಲಿದ್ದ ಮಗು ಕೆಮ್ಮಿತು. ಬಾಯಿ ಮುಚ್ಚಿದಳು.

ಗಂಡಸರು ಕೈಯೆತ್ತಿ ಒಪ್ಪಿದರು. ಪಾದ್ರಿಗಳು ಬೋಗುಣಿಯಲ್ಲಿ ಹೆಪ್ಪುಗಟ್ಟಿದ್ದ ನೀರನ್ನು ಒಡೆದು, ಅಸಾಫ್ ಎಂದು ಕರೆದು, ಮಗುವಿನ ಹಣೆಗೆ ಹಾಕಿದರು. ಅದು ಕಿರುಚಿ ಅತ್ತಿತು. ಅಷ್ಟು ಜೋರಾಗಿ ಅದು ಅತ್ತಿದ್ದನ್ನು ಅವಳು ಕೇಳಿರಲಿಲ್ಲ.

ಹೊರಗೆ ಹಿಮದಲ್ಲಿ ಓಬೇದರ ಹೆಂಡತಿ ಅವಳ ಕೈ ಹಿಡಿದುಕೊಂಡಳು. ಗಂಡ, ಬೆಳೆದ ಮಕ್ಕಳು, ತುಂಬಿದ ಮನೆ ಆಕೆಯದು. "ನಂಗೂ ಹೀಗೇ ಆಗ್ಲಿ ಅಂತ ಬೇಡ್ಕೊಳ್ಳೇ ತಾಯಿ."

"ಬೇಡ," ಎಂದಳು ಕೆಜಾಯಾ.

ಅದನ್ನೂ ಆಕೆ ವಿನಯವೆಂದುಕೊಂಡಳು.