ಗೋಡೆ ದಾಟುವ ಸದ್ದು

“ನಮ್ಮ ಗಾರ್ಗಿ ಆಂಟಿ ಟೆಕ್ನೋ ಮ್ಯೂಸಿಕ್ ಶುರು ಮಾಡಿದ ಪಯೋನಿಯರ್‌ಗಳಲ್ಲಿ ಒಬ್ಬರಂತೆ ಕಣೋ. ತಮಾಷೆ ಅಲ್ಲ. ಅವರ ಹಳೇ ರೆಕಾರ್ಡನ್ನ ಬರ್ಲಿನ್‌ನ ಕಂಪನಿಯವರು ಮತ್ತೆ ಹೊರತಂದಿದ್ದಾರೆ, ಪಾರ್ಸೆಲ್ ನಾನೇ ಇಸ್ಕೊಂಡೆ.”

ಫೋನಿನ ಆಚೆ ರೇಣುವಿನ ಗೆಳೆಯ ಸಾಗರ್ ನಕ್ಕ. “ಯಾರು, ನಿನ್ನ ಲ್ಯಾಂಡ್‌ಲೇಡಿನಾ? ಕನ್ನಡದವರೆಲ್ಲ ಒಂದೊಂದು ಅಡುಗೆ ತರೋ ಪಾಟ್‌ಲಕ್‌ಗೆ ಪ್ರತಿ ಸಲ ಮೊಸರನ್ನ ತಂದು ಮೂಲೇಲಿ ಕೂತ್ಕೋತಾರಲ್ಲ, ಅವರಾ?”

“ಅವರೇ.”

ಕೆಂಡಲ್ ಪಾರ್ಕ್ ಎಂಬ ಊರಿನ ಆ ಮನೆಯ ಬೇಸ್‌ಮೆಂಟಿಗೆ ರೇಣು ಬಾಡಿಗೆಗೆ ಬಂದು ಒಂದು ವರ್ಷವಾಗಿತ್ತು. ಮೇಲೆ ಗಾರ್ಗಿ ಒಬ್ಬರೇ. ಅಲ್ಲಿಂದ ಟಿವಿಯ ಸದ್ದೂ ಕೇಳಿಬರುತ್ತಿರಲಿಲ್ಲ.

ಸಾಗರನಿಗೆ ಹೇಳುವ ಮೊದಲೇ ಅವಳು ಸುದ್ದಿಯನ್ನು ಕನ್ನಡದವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದಳು. ಕೈಮುಗಿಯುವ ಚಿತ್ರಗಳು ಸಾಲಾಗಿ ಬಂದವು. ‘ಸಂಕ್ರಾಂತಿ ಪಾಟ್‌ಲಕ್‌ಗೆ ಡಿಜೆ ಸಿಕ್ಕಿದ್ರು. ಮೇಡಂ, ಒಂದೆರಡು ಭಾವಗೀತೆ ಮಿಕ್ಸ್ ಮಾಡಿ’ ಎಂದು ಸಮರ್‌ಸೆಟ್‌ನ ಶಶಿಧರ ಅಂಕಲ್ ಬರೆದರು. ರೇಣು ಅದೇ ಉಮೇದಿನಲ್ಲಿ ಇನ್ನೊಂದು ಸಾಲು ಸೇರಿಸಿದಳು: ನಾಳೆ ಆಂಟಿ ವಲಸಿಗರನ್ನು ಕೂಡಿಹಾಕಿರುವ ಜೈಲಿನ ಮುಂದೆ ಪ್ರತಿಭಟನೆಗೆ ತಮ್ಮ ಮ್ಯೂಸಿಕ್ ಪ್ಲೇ ಮಾಡ್ತಾರೆ, ಎಲ್ಲರೂ ಬನ್ನಿ.

ಗುಂಪು ಗಪ್ಪಾಯಿತು. ಸ್ವಲ್ಪ ಹೊತ್ತಿನ ಮೇಲೆ ಯಾರೋ ಫ್ಲಶಿಂಗ್ ದೇವಸ್ಥಾನದ ಪೂಜೆಯ ವಿವರ ಹಾಕಿದರು.

ಅವಳು ಗ್ಯಾರೇಜಿಗೆ ಹೋದಾಗ ಗಾರ್ಗಿ ದೊಡ್ಡ ಸ್ಪೀಕರಿನ ಮೇಲೆ ಅಂಗೈ ಊರಿ ನಿಂತಿದ್ದರು. ಅವರ ಫೋನು ಪಕ್ಕದಲ್ಲೇ ಇತ್ತು.

“ನೋಡಿದೆ. ಎಷ್ಟು ಜನ ಬರ್ತಾರಂತೆ?”

“ಯಾರೂ ಬರ್ತೀನಿ ಅಂದಿಲ್ಲ,” ಎಂದಳು ರೇಣು.

“ಹೋಗ್ಲಿ ಬಿಡೆ. ಗ್ರೀನ್ ಕಾರ್ಡ್‌ಗೆ ಕಾಯ್ತಿರೋರು ರೋಡಲ್ಲಿ ಕೆಮ್ಮೋಕೂ ಹೆದರ್ತಾರೆ.”

“ಆಂಟಿ, ನಿಮ್ಮ ಮ್ಯೂಸಿಕ್‌ನಲ್ಲಿ ಮಾತೇ ಇಲ್ವಲ್ಲ. ಬರೀ ಧಂ ಧಂ. ಅದು ಪ್ರೊಟೆಸ್ಟ್ ಹೇಗಾಗುತ್ತೆ?”

“ನಾನು ನಿನ್ನಷ್ಟಿದ್ದಾಗ ಇಂಥದ್ದೇ ಒಂದು ಜೈಲಿನ ಮುಂದೆ ಭಾಷಣ ಮಾಡಿದ್ವಿ. ಒಳಗಿದ್ದವರದ್ದು ಒಬ್ಬೊಬ್ಬರದ್ದು ಒಂದೊಂದು ಭಾಷೆ. ಮಾತು ಗೋಡೆ ದಾಟಲಿಲ್ಲ. ಆಮೇಲೆ ಮ್ಯೂಸಿಕ್ ಹಾಕಿದಾಗ ಬೇಸ್, ನೀನು ಹೇಳೋ ಆ ಧಂ ಧಂ, ದಾಟ್ತು. ಒಳಗಿಂದ ಯಾರೋ ತಾಳಕ್ಕೆ ಸರಿಯಾಗಿ ಪೈಪ್ ಬಡಿಯೋಕೆ ಶುರು ಮಾಡಿದ್ರು. ಆ ರೆಕಾರ್ಡಲ್ಲಿ ಕೇಳೋದು ಆ ಪೈಪೇ.”

ಗಾರ್ಗಿ ಸ್ಪೀಕರಿನಿಂದ ಕೈ ತೆಗೆದು, ಮತ್ತೆ ಅಲ್ಲೇ ಇಟ್ಟರು. “ಈಗ ಒಳಗಿನವರು ಬಡಿದ್ರೂ ನನಗೆ ಕೇಳಲ್ಲ. ಬಲಗಿವಿ ಪೂರ್ತಿ ಹೋಗಿದೆ. ಎಡಗಡೆ, ಹತ್ರ ನಿಂತು ಮಾತಾಡಿದ್ರೆ ಕೇಳುತ್ತೆ. ಬೇಸ್ ಕೈಗೆ ಸಿಗುತ್ತೆ. ಪೈಪ್ ಸಿಗಲ್ಲ. ಒಬ್ಬರಾದ್ರೂ ಪಕ್ಕದಲ್ಲಿ ನಿಂತು ಹೇಳ್ತಾರೇನೋ ಅಂದ್ಕೊಂಡಿದ್ದೆ.”

“ನಾನು ಬರ್ತೀನಿ.”

“ನಿಂದು ಸ್ಟೂಡೆಂಟ್ ವೀಸಾ. ಬೇಡ.”

“ಶುರುವಾಗೋ ಮೊದಲು, ಬರೀ ಸೌಂಡ್ ಚೆಕ್‌ಗೆ ಬರ್ಲಾ? ಇನ್ನೂ ಯಾರೂ ಬಂದಿರಲ್ಲ.”

ಗಾರ್ಗಿ ಅವಳತ್ತ ತಿರುಗಿದರು. “ಜನ ಸೇರೋಕೆ ಶುರುವಾದ ತಕ್ಷಣ ಟ್ರೇನ್ ಹತ್ತಬೇಕು. ನನ್ನ ಮುಖ ನೋಡ್ಕೊಂಡು ನಿಲ್ಲಬಾರದು.”

“ಆಯ್ತು. ಪೈಪ್ ಕೇಳಿಸಿದ್ರೆ ಹೇಗೆ ಹೇಳ್ಲಿ?”

“ಬೆನ್ನ ಮೇಲೆ ತಟ್ಟು. ಅವರು ಬಡಿದ ಹಾಗೇ.”

ರೇಣು ತಟ್ಟಿ ತೋರಿಸಿದಳು. ಸ್ವೆಟರಿನ ಕೆಳಗೆ ಬರೀ ಮೂಳೆ ಸಿಕ್ಕಿತು. ಗಾರ್ಗಿ ಕಣ್ಣು ಮುಚ್ಚಿದರು.

“ಇನ್ನೊಂದ್ಸಲ,” ಎಂದರು. ಆಮೇಲೆ, “ಬೆಳಿಗ್ಗೆ ಏಳಕ್ಕೆ, ಡ್ರೈವ್‌ವೇನಲ್ಲಿ ಸಿಗು,” ಎಂದರು, ಕಣ್ಣು ತೆರೆಯದೆ.